ಕುಲದಲ್ಲಿ ಬರುವ ಮೂತ್ರಪಿಂಡದ ರೋಗಗಳೂ ಅವುಗಳ ಕಾರಣವನ್ನು ಶೋಧಿಸಿದವರೂ

ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಸೊತ್ತು ಎರಡು ಬಗೆಯದಾಗಿರುವದು. ಗದ್ದೆ, ತೋಟ, ಮನೆ, ದೋಣಿ, ಬಂಗಾರ ಮೊದಲಾದವು ಒಂದು ಬಗೆ. ಇವುಗಳಿಗೆ ಕಾಗದಪತ್ರಗಳುಂಟು, ಸಾಕ್ಷಿಗಳುಂಟು, ಪಾಲು ಮಾಡುವ ಕ್ರಮವುಂಟು. ಬೇಡವೆನ್ನುವವನು ತನ್ನ ಪಾಲನ್ನು ಬಿಟ್ಟುಕೊಡಲೂ ಬಹುದು. ಮೈಬಣ್ಣ, ಮುಖದ ಕಳೆ, ಕೂದಲಿನ ಸುರುಳಿ, ಮೈಕಟ್ಟು ಇವು ಇನ್ನೊಂದು ಬಗೆ. ಇವುಗಳಿಗೆ ಕಾಗದವೂ ಇಲ್ಲ, ಸಾಕ್ಷಿಯೂ ಇಲ್ಲ. ಬೇಡವೆಂದು ಬಿಡುವದಕ್ಕೂ ಬಾರದು. ಈ ಎರಡನೆಯ ಬಗೆಯ ಸೊತ್ತಿನ ಜೊತೆಯಲ್ಲಿಯೇ ಕೆಲವು ಮನೆತನಗಳಲ್ಲಿ ರೋಗವೂ ಇಳಿದು ಬರುತ್ತದೆ. ಅಂಥ ರೋಗಗಳಲ್ಲಿ ಮೂತ್ರಪಿಂಡಗಳನ್ನು ಕೆಡಿಸುವ ಕೆಲವನ್ನು ಕುರಿತೂ, ಅವುಗಳ ಕಾರಣವನ್ನು ತಾಳ್ಮೆಯಿಂದ ಹುಡುಕಿದ ಶೋಧಕರನ್ನು ಕುರಿತೂ ನಾವು ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಲಿಚ್ಛಿಸುತ್ತೇವೆ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಒಂದೇ ಮನೆಯಲ್ಲಿ ಅಜ್ಜನೂ ತಂದೆಯೂ ಅನಂತರ ಮಗನೂ ಹೆಚ್ಚು ಕಡಿಮೆ ಒಂದೇ ವಯಸ್ಸಿನಲ್ಲಿ ಕಾಲು ಮುಖ ಬಾತು, ಅನ್ನ ಸೇರದೆ, ಉಸಿರು ಕಟ್ಟಿ ತೀರಿಕೊಂಡರೆ, ನಮ್ಮ ಕಡೆಯ ಜನರು ಅದನ್ನು ಶಾಪವೆಂದೋ ದೋಷವೆಂದೋ ಹೇಳುವದು ವಾಡಿಕೆ. ಹುಟ್ಟಿದ ಮಗುವಿಗೆ ರೋಗವಿದ್ದರೆ ಸೊಸೆಯ ತಲೆಗೆ ತಪ್ಪನ್ನು ಕಟ್ಟುವವರೂ ಉಂಟು. ಮನೆಯವರಾದರೋ, ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ರೋಗದ ಹೆಸರನ್ನೇ ಹೊರಗೆ ಹೇಳರು. ಈ ಮೌನದಿಂದಾಗುವ ಹಾನಿಯು ರೋಗದಿಂದಾಗುವ ಹಾನಿಗಿಂತ ಕಡಿಮೆಯದಲ್ಲ. ನಮ್ಮ ಶಾಲೆಯಲ್ಲಿ ಕಲಿತು ಹೋದ ಸಹೋದರಿಯರಲ್ಲಿ ಅನೇಕರು ಈಗ ತಾಯಂದಿರಾಗಿ ಮನೆಯವರ ಆರೋಗ್ಯದ ಭಾರವನ್ನು ಹೊತ್ತಿರುವದರಿಂದ, ಈ ಸಂಗತಿಯನ್ನು ಮೊದಲು ಅವರೇ ಅರಿತುಕೊಳ್ಳುವದು ಯುಕ್ತವೆಂದು ನಮಗೆ ತೋರಿತು.

ಮೂತ್ರಪಿಂಡಗಳ ಕೆಲಸ

ಮೂತ್ರಪಿಂಡಗಳು ಬೆನ್ನಿನ ಎರಡು ಮಗ್ಗಲುಗಳಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿರುತ್ತವೆ. ಆಕಾರದಲ್ಲಿ ಗೇರುಬೀಜವನ್ನೂ ಗಾತ್ರದಲ್ಲಿ ಮುಷ್ಟಿಯನ್ನೂ ಹೋಲುವ ಇವು ಒಂದೊಂದು ಸುಮಾರು ೧೫೦ ಗ್ರಾಂ ತೂಗುವವು. ಒಂದೊಂದರಲ್ಲಿಯೂ ಸುಮಾರು ಹತ್ತು ಲಕ್ಷ ಅತಿ ಸೂಕ್ಷ್ಮವಾದ ನಳಿಗೆಗಳಿವೆ; ಪ್ರತಿಯೊಂದು ನಳಿಗೆಯ ತುದಿಯಲ್ಲಿ ರಕ್ತವನ್ನು ಸೋಸುವ ಜಾಲರಿಯೊಂದಿದೆ. ದಿನವೊಂದಕ್ಕೆ ಈ ಜಾಲರಿಗಳಿಂದ ಸೋಸಿ ಇಳಿಯುವ ನೀರು ಸುಮಾರು ೧೮೦ ಲೀಟರು. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುವದು. ಮೊರದಲ್ಲಿ ಅಕ್ಕಿಯನ್ನು ಕೇರುವ ಗೃಹಿಣಿಯು ಕಸವನ್ನು ಹಾರಿಸಿ ಕಾಳನ್ನು ಉಳಿಸಿಕೊಳ್ಳುವಂತೆ, ನಳಿಗೆಗಳು ದೇಹಕ್ಕೆ ಬೇಕಾದ ನೀರು, ಉಪ್ಪು, ಸಕ್ಕರೆಗಳನ್ನು ಹಿಂದಕ್ಕೆ ಹೀರಿಕೊಂಡು ಬೇಡವಾದುದನ್ನು ಮಾತ್ರ ಬಿಡುತ್ತವೆ. ಇದಲ್ಲದೆ ರಕ್ತದ ಒತ್ತಡವನ್ನು ಹದದಲ್ಲಿಡುವದು, ರಕ್ತಕಣಗಳು ಹುಟ್ಟುವಂತೆ ಪ್ರೇರಿಸುವದು, ಎಲುಬುಗಳನ್ನು ಗಟ್ಟಿಯಾಗಿಡುವದು ಇವೂ ಅವುಗಳ ಕೆಲಸವೇ.

ಈ ಅಂಗಗಳಲ್ಲಿ ಒಂದು ವಿಶೇಷವಿದೆ. ಇವು ಬಹಳ ಸಹನೆಯುಳ್ಳವು. ಹಲ್ಲು ಹುಳುಕಾದರೆ ಒಂದೇ ರಾತ್ರಿಯಲ್ಲಿ ನಮಗೆ ತಿಳಿಯುತ್ತದೆ. ಮೂತ್ರಪಿಂಡವಾದರೋ ಅರ್ಧಕ್ಕಿಂತ ಹೆಚ್ಚು ಕೆಟ್ಟ ಮೇಲೂ ಮನುಷ್ಯನು ಎಂದಿನಂತೆ ಉಂಡು ದುಡಿಯುತ್ತಿರಬಹುದು. ಆದಕಾರಣ ರೋಗಿಯು ವೈದ್ಯರ ಬಳಿಗೆ ಬರುವ ಹೊತ್ತಿಗೆ ಬಹು ಸಲ ಕಾಲ ಮಿಂಚಿರುತ್ತದೆ.

ನೀರುಗುಳ್ಳೆಗಳ ರೋಗ

ಕುಲದಲ್ಲಿ ಬರುವ ಮೂತ್ರಪಿಂಡದ ರೋಗಗಳಲ್ಲಿ ಹೆಚ್ಚಾಗಿ ಕಾಣುವದು ನೀರುಗುಳ್ಳೆಗಳ ರೋಗ. ಲೋಕದಲ್ಲಿ ಸಾವಿರ ಜನರಲ್ಲಿ ಒಬ್ಬರಿಗಾದರೂ ಇದು ಇರುವದೆಂದು ವೈದ್ಯರು ಎಣಿಸುತ್ತಾರೆ. ಇದರಲ್ಲಿ ನಳಿಗೆಗಳ ಗೋಡೆಯು ಅಲ್ಲಲ್ಲಿ ಉಬ್ಬಿ, ನೀರು ತುಂಬಿದ ಗುಳ್ಳೆಗಳಾಗಿ, ವರ್ಷ ವರ್ಷಕ್ಕೂ ದೊಡ್ಡದಾಗುತ್ತ ಹೋಗುವದು. ಕೊನೆಗೆ ಮೂತ್ರಪಿಂಡವು ದ್ರಾಕ್ಷೆಯ ಗೊಂಚಲಿನಂತಾಗಿ ಕೆಲವು ಸಲ ಅನೇಕ ಕಿಲೋಗ್ರಾಂ ತೂಗುವದು. ಆದರೆ ಅದರಲ್ಲಿ ಕೆಲಸ ಮಾಡುವ ಭಾಗವು ನಡುವೆ ಸಿಕ್ಕಿ ನಶಿಸಿ ಹೋಗಿರುವದು. ಹೊಟ್ಟೆಯ ಪಕ್ಕದಲ್ಲಿ ನೋವು, ಮೂತ್ರದಲ್ಲಿ ರಕ್ತ, ಮೇಲಿಂದ ಮೇಲೆ ಮೂತ್ರದ ಉರಿ, ಚಿಕ್ಕ ವಯಸ್ಸಿನಲ್ಲಿಯೇ ಏರಿದ ರಕ್ತದ ಒತ್ತಡ ಇವು ಇದರ ಗುರುತುಗಳು. ಬಾಲ್ಯದಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಮೂವತ್ತು ನಾಲ್ವತ್ತರ ಸುಮಾರಿಗೆ ಗುರುತುಗಳು ತೋರಿ, ಅನೇಕರಲ್ಲಿ ಐವತ್ತು ಅರವತ್ತರ ವೇಳೆಗೆ ಮೂತ್ರಪಿಂಡಗಳು ಕೆಲಸವನ್ನು ನಿಲ್ಲಿಸುವವು. ಅಷ್ಟರೊಳಗೆ ರೋಗಿಗೆ ಮದುವೆಯಾಗಿ ಮಕ್ಕಳೂ ಆಗಿರುತ್ತಾರೆ. ಈ ರೋಗವು ತಿಳಿಯದಂತೆ ಮುಂದಿನ ತಲೆಗೆ ದಾಟಿ ಹೋಗುವದು ಹೀಗೆ.

ಇದಕ್ಕೆ ಇಂಥ ಹೆಸರನ್ನು ಕೊಟ್ಟವನು ಫ್ರಾನ್ಸ ದೇಶದ ಫೆಲಿಕ್ಸ್ ಲೆಜಾರ್ ಎಂಬ ವೈದ್ಯನು. ೧೮೮೮ರಲ್ಲಿ ಪ್ಯಾರಿಸಿನಲ್ಲಿ ಬರೆದ ಪ್ರಬಂಧದಲ್ಲಿ ಅವನು ಇದನ್ನು ಬೇರೆಯೇ ಒಂದು ರೋಗವೆಂದು ವರ್ಣಿಸಿದನು. ಆದರೆ ಅದು ಕುಲದಲ್ಲಿ ಯಾವ ನಿಯಮದಿಂದ ಇಳಿಯುವದೆಂಬದನ್ನು ತಿಳಿಯಲು ಇನ್ನೂ ಬಹುಕಾಲ ಬೇಕಾಯಿತು.

ವಂಶದ ನಿಯಮಗಳು

ಆಸ್ಟ್ರಿಯಾ ಸಾಮ್ರಾಜ್ಯದ ಬ್ರನ್ ಎಂಬ ಪಟ್ಟಣದ ಮಠದಲ್ಲಿದ್ದ ಗ್ರೆಗೋರ್ ಮೆಂಡೆಲ್ ಎಂಬ ಸನ್ಯಾಸಿಯು ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಯಿಸಿ, ಅವುಗಳ ಹೂವು ಬೀಜಗಳ ಲಕ್ಷಣಗಳನ್ನು ತಲೆತಲೆಗೂ ಎಣಿಸಿ, ೧೮೬೫ರಲ್ಲಿ ತನ್ನ ನಿಯಮಗಳನ್ನು ವಿದ್ವಾಂಸರ ಮುಂದಿಟ್ಟನು. ಆ ಕಾಲದಲ್ಲಿ ಅವನ ಮಾತಿಗೆ ಯಾರೂ ಕಿವಿಗೊಡಲಿಲ್ಲ. ೧೯೦೦ರಲ್ಲಿ ಅವು ಮತ್ತೆ ಬೆಳಕಿಗೆ ಬಂದವು. ಅವುಗಳ ಸಾರಾಂಶವೇನೆಂದರೆ, ನಮ್ಮ ದೇಹದ ಪ್ರತಿಯೊಂದು ಗುಣಕ್ಕೂ ಎರಡೆರಡು ವಂಶವಾಹಿಗಳು ಕಾರಣವಾಗಿವೆ. ಒಂದು ತಾಯಿಯಿಂದ ಬಂದುದು, ಒಂದು ತಂದೆಯಿಂದ ಬಂದುದು. ನಾವು ನಮ್ಮ ಮಕ್ಕಳಿಗೆ ಆ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಯಾವದನ್ನು ಕೊಡುವೆವೆಂಬದು ನಾಣ್ಯವನ್ನು ಚಿಮ್ಮಿದಂತೆಯೇ ಸರಿ. ನಮ್ಮ ಇಚ್ಛೆಗೆ ಸೇರಿದುದಲ್ಲ.

ಈಗ ಮೂರು ಬಗೆಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು, ಎರಡರಲ್ಲಿ ಒಂದೇ ವಂಶವಾಹಿಯು ಕೆಟ್ಟಿದ್ದರೂ ರೋಗ ತೋರುವ ಬಗೆ. ನೀರುಗುಳ್ಳೆಗಳ ರೋಗವು ಈ ಜಾತಿಯದು. ಡೆನ್ಮಾರ್ಕಿನ ಕೋಪನ್‌ಹೇಗನ್ ಪಟ್ಟಣದ ಡಾಲ್ಗಾರ್ಡ್ ಎಂಬ ವೈದ್ಯನು ೨೮೪ ಮಂದಿ ರೋಗಿಗಳ ಮನೆತನಗಳನ್ನು ಹುಡುಕಿ, ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇವರೆಲ್ಲರ ಆರೋಗ್ಯವನ್ನು ವಿಚಾರಿಸಿ, ೧೯೫೭ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಸ್ಪಷ್ಟವಾಯಿತು. ರೋಗಿಯ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ರೋಗವು ಬರುವ ಸಂಭವ ಅರ್ಧ. ಬಾರದಿರುವ ಸಂಭವವೂ ಅರ್ಧ. ಅಣ್ಣನಿಗೆ ಬಂತೆಂಬ ಮಾತ್ರಕ್ಕೆ ತಂಗಿಗೆ ತಪ್ಪಿತೆಂದು ತಿಳಿಯಬಾರದು. ನಾಣ್ಯವನ್ನು ಪ್ರತಿ ಸಲವೂ ಹೊಸದಾಗಿಯೇ ಚಿಮ್ಮಿದಂತಾಗುವದು. ಬಾರದೆ ಉಳಿದ ಮಗುವಿನ ಸಂತತಿಗೆ ಆ ಮನೆತನದ ರೋಗದ ಭಯವಿಲ್ಲ. ಇನ್ನೂ ಒಂದು ಮಾತು: ಹತ್ತು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಹಿಂದಿನವರಲ್ಲಿ ಯಾರಿಗೂ ಇಲ್ಲದ ಈ ರೋಗವು ಹೊಸದಾಗಿಯೇ ತೋರುವದು.

ಎರಡನೆಯದು, ಎರಡು ವಂಶವಾಹಿಗಳೂ ಕೆಟ್ಟಿದ್ದರೆ ಮಾತ್ರ ರೋಗ ತೋರುವ ಬಗೆ. ಇದನ್ನು ಮನುಷ್ಯರಲ್ಲಿ ಮೊದಲು ಗುರುತಿಸಿದವನು ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್. ಕೆಲವು ಹಸುಗೂಸುಗಳ ಮೂತ್ರವು ಗಾಳಿಗೆ ಕಪ್ಪಾಗಿ ಬಟ್ಟೆಯ ಮೇಲೆ ಕಲೆ ಬೀಳುವದನ್ನು ಅವನು ಪರೀಕ್ಷಿಸುತ್ತಿದ್ದನು. ಅಂಥ ಕೂಸುಗಳ ತಂದೆತಾಯಿಗಳು ಅನೇಕ ಮನೆಗಳಲ್ಲಿ ಪರಸ್ಪರ ಹತ್ತಿರದ ಸಂಬಂಧಿಕರೆಂಬದು ಅವನಿಗೆ ಕಂಡುಬಂದಿತು. ೧೯೦೨ರಲ್ಲಿ ಇದನ್ನು ಪ್ರಕಟಿಸಿದನು. ಇದು ಮೂತ್ರಪಿಂಡದ ರೋಗವಲ್ಲದಿದ್ದರೂ, ಮಕ್ಕಳಲ್ಲಿ ಕಾಣುವ ಅನೇಕ ಮೂತ್ರಪಿಂಡದ ರೋಗಗಳಿಗೆ ಇದೇ ನಿಯಮವು ಅನ್ವಯಿಸುವದು. ಇಲ್ಲಿ ತಂದೆಯೂ ತಾಯಿಯೂ ಒಂದೊಂದು ಕೆಟ್ಟ ವಂಶವಾಹಿಯನ್ನು ಹೊತ್ತಿದ್ದರೂ ಇಬ್ಬರೂ ನಿರೋಗಿಗಳು. ಮಗುವಿಗೆ ಎರಡೂ ಕಡೆಯಿಂದ ಕೆಟ್ಟದೇ ಬಂದರೆ ರೋಗ. ಆ ಸಂಭವವು ಪ್ರತಿ ಸಲಕ್ಕೂ ನಾಲ್ಕರಲ್ಲಿ ಒಂದು. ಇಂಥಲ್ಲಿ ತಪ್ಪು ಸೊಸೆಯದೆಂದು ಹೇಳುವವರು, ಅಷ್ಟೇ ಪಾಲು ತಮ್ಮ ಮಗನದೂ ಇದೆಯೆಂಬದನ್ನು ಅರಿಯರು.

ಮೂರನೆಯ ಬಗೆಯನ್ನು ಆಲ್ಪೋರ್ಟ್ ಎಂಬ ವೈದ್ಯನ ಹೆಸರಿನಿಂದ ಕರೆಯುವರು. ಅವನು ೧೯೨೭ರಲ್ಲಿ ಒಂದು ಇಂಗ್ಲಿಷ್ ಮನೆತನದ ವೃತ್ತಾಂತವನ್ನು ಬರೆದನು. ಆ ಮನೆಯವರ ಮೂತ್ರದಲ್ಲಿ ರಕ್ತವಿತ್ತು, ಹಲವರಿಗೆ ಕಿವಿ ಮಂದವಾಗಿತ್ತು. ಗಂಡಸರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಳ್ಳುತ್ತಿದ್ದರು. ಹೆಂಗಸರು ಮುಪ್ಪಿನವರೆಗೂ ಬಾಳುತ್ತಿದ್ದರು. ಈ ಭೇದದ ಕಾರಣವು ಆಗ ತಿಳಿಯಲಿಲ್ಲ. ಆ ವಂಶವಾಹಿಯು ಎಕ್ಸ್ ಎಂಬ ವರ್ಣತಂತುವಿನಲ್ಲಿದೆಯೆಂಬದೂ, ಹೆಂಗಸರಿಗೆ ಅದು ಎರಡಿರುವದರಿಂದ ಒಂದು ಕೆಟ್ಟರೂ ಇನ್ನೊಂದು ಬಹುಮಟ್ಟಿಗೆ ಕಾಯುವದೆಂಬದೂ, ಗಂಡಸರಿಗೆ ಒಂದೇ ಇರುವದರಿಂದ ಅವರಿಗೆ ರಕ್ಷಣೆಯಿಲ್ಲವೆಂಬದೂ ಮುಂದೆ ತಿಳಿದುಬಂದಿತು. ಆ ವಂಶವಾಹಿಯನ್ನೇ ೧೯೯೦ರಲ್ಲಿ ಗುರುತಿಸಿದರು. ರೋಗವುಳ್ಳ ತಂದೆಯಿಂದ ಅದು ಹೆಣ್ಣುಮಕ್ಕಳೆಲ್ಲರಿಗೂ ಹೋಗುವದು, ಗಂಡುಮಕ್ಕಳಿಗೆ ಹೋಗದು. ಹೊತ್ತ ಹೆಂಗಸರೂ ಪೂರ್ಣವಾಗಿ ಸುರಕ್ಷಿತರಲ್ಲ. ಅವರೂ ಮೂತ್ರವನ್ನೂ ರಕ್ತದ ಒತ್ತಡವನ್ನೂ ಪರೀಕ್ಷಿಸಿಕೊಳ್ಳುತ್ತಿರಬೇಕು.

ಪಾಚಿಯಿಂದ ದೊರೆತ ಸುಳಿವು

ನೀರುಗುಳ್ಳೆಗಳ ರೋಗದ ವಂಶವಾಹಿಯನ್ನು ಹುಡುಕಿದ ಕಥೆಯು ಬಹಳ ಸ್ವಾರಸ್ಯವಾದುದು. ೧೯೮೫ರಲ್ಲಿ ಇಂಗ್ಲೆಂಡಿನ ಸ್ಟೀಫನ್ ರೀಡರ್ಸ್ ಮತ್ತು ಅವನ ಸಂಗಡಿಗರು ಅನೇಕ ಮನೆತನಗಳ ರಕ್ತವನ್ನು ಪರೀಕ್ಷಿಸಿ, ಅದು ಹದಿನಾರನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿದರು. ಊರು ತಿಳಿಯಿತು, ಮನೆ ತಿಳಿಯಲಿಲ್ಲ. ಆಗ ಪೋರ್ತುಗಲ್ಲಿನ ಒಂದು ಕುಟುಂಬವು ಸಹಾಯಕ್ಕೆ ಬಂದಿತು. ಅಲ್ಲಿಯ ತಾಯಿಗೂ ಮಗಳಿಗೂ ನೀರುಗುಳ್ಳೆಗಳ ರೋಗವಿತ್ತು. ಅವರಲ್ಲಿ ಹದಿನಾರನೆಯ ವರ್ಣತಂತುವು ಒಂದು ಕಡೆ ತುಂಡಾಗಿ, ತುಂಡು ಇಪ್ಪತ್ತೆರಡನೆಯದರೊಡನೆ ಅದಲುಬದಲಾಗಿತ್ತು. ತುಂಡಾದ ಜಾಗದಲ್ಲಿಯೇ ಬೇಕಾದ ವಂಶವಾಹಿ ಇರಬೇಕೆಂದು ಊಹಿಸಿ ಹುಡುಕಿದಾಗ ೧೯೯೪ರಲ್ಲಿ ಅದು ಸಿಕ್ಕಿತು. ೧೯೯೬ರಲ್ಲಿ ನಾಲ್ಕನೆಯ ವರ್ಣತಂತುವಿನಲ್ಲಿ ಎರಡನೆಯ ವಂಶವಾಹಿಯೂ ದೊರೆಯಿತು. ಹೆಚ್ಚಿನ ಮನೆತನಗಳಲ್ಲಿ ಮೊದಲನೆಯದೇ ಕಾರಣ. ಎರಡನೆಯದು ಕೆಟ್ಟವರಲ್ಲಿ ರೋಗವು ನಿಧಾನವಾಗಿ ಬೆಳೆದು, ಮೂತ್ರಪಿಂಡಗಳು ಸುಮಾರು ಇಪ್ಪತ್ತು ವರ್ಷ ತಡವಾಗಿ ಸೋಲುವವು.

ಆದರೆ ಈ ವಂಶವಾಹಿಗಳ ಕೆಲಸವೇನು? ಇದರ ಸುಳಿವು ಯಾರೂ ಎಣಿಸದ ಕಡೆಯಿಂದ ಬಂದಿತು. ಅಮೇರಿಕೆಯಲ್ಲಿ ಮೋರೀನ್ ಬಾರ್ ಎಂಬ ಮಹಿಳೆಯು, ಮಣ್ಣಿನಲ್ಲಿ ಬಾಳುವ ಒಂದು ಮಿಲಿಮೀಟರಿನಷ್ಟು ಉದ್ದದ ಹುಳುವಿನಲ್ಲಿ ಇದೇ ಜಾತಿಯ ವಂಶವಾಹಿಯನ್ನು ಕಂಡು ೧೯೯೯ರಲ್ಲಿ ಪ್ರಕಟಿಸಿದಳು. ಅದು ಹುಳುವಿನ ಕೆಲವು ನರಗಳ ತುದಿಯ ಸೂಕ್ಷ್ಮ ರೋಮಗಳಲ್ಲಿ ಕೆಲಸ ಮಾಡುತ್ತಿತ್ತು. ಮರುವರ್ಷ ಗ್ರೆಗರಿ ಪೇಝರ್ ಮತ್ತು ಅವನ ಸಂಗಡಿಗರು, ಕೊಳದ ನೀರಿನಲ್ಲಿಯೂ ಒದ್ದೆ ಮಣ್ಣಿನಲ್ಲಿಯೂ ಬೆಳೆಯುವ ಒಂದು ಹಸುರು ಪಾಚಿಯನ್ನು ಪರೀಕ್ಷಿಸುತ್ತಿದ್ದರು. ಅದಕ್ಕೆ ಈಜಲು ಎರಡು ಬಾಲಗಳಿವೆ. ಆ ಬಾಲಗಳು ಬೆಳೆಯಲು ಬೇಕಾದ ಒಂದು ವಂಶವಾಹಿಯೂ, ಗುಳ್ಳೆಗಳ ರೋಗವುಳ್ಳ ಒಂದು ಜಾತಿಯ ಇಲಿಯಲ್ಲಿ ಕೆಟ್ಟಿದ್ದ ವಂಶವಾಹಿಯೂ ಒಂದೇ ಎಂದು ಕಂಡುಬಂದಿತು. ಆ ಇಲಿಗಳ ಮೂತ್ರಪಿಂಡವನ್ನು ನೋಡಲಾಗಿ, ನಳಿಗೆಯ ಒಳಗಿನ ಜೀವಕೋಶಗಳ ಮೇಲಿರಬೇಕಾದ ಸೂಕ್ಷ್ಮ ರೋಮಗಳು ಗಿಡ್ಡವಾಗಿದ್ದವು. ಆ ರೋಮಗಳನ್ನು ಅದುವರೆಗೆ ಪ್ರಯೋಜನವಿಲ್ಲದವೆಂದು ಬಹುಮಂದಿ ತಿಳಿದಿದ್ದರು. ನಳಿಗೆಯ ಜೀವಕೋಶಗಳು ಹದವಾಗಿ ಬೆಳೆಯಬೇಕಾದರೆ ಅವೇ ಸೂಚನೆ ಕೊಡುವವೆಂಬದು ಈಗಿನ ತಿಳುವಳಿಕೆ. ಕೊಳದ ಪಾಚಿಯನ್ನು ನೋಡುತ್ತಿದ್ದವನಿಂದ ಮನುಷ್ಯನ ರೋಗದ ಕಾರಣವು ಹೊರಬಿದ್ದುದನ್ನು ಕಂಡರೆ, ಯಾವ ವಿದ್ಯೆಯನ್ನೂ ನಿಷ್ಪ್ರಯೋಜಕವೆನ್ನಬಾರದೆಂದು ತಿಳಿಯುವದು.

ಕಾರಣ ತಿಳಿದುದರಿಂದ ಔಷಧವೂ ಬಂದಿತೇ ಎಂದು ವಾಚಕರು ಕೇಳಬಹುದು. ಟೋಲ್ವ್ಯಾಪ್ಟಾನ್ ಎಂಬ ಔಷಧವು ಗುಳ್ಳೆಗಳ ಬೆಳವಣಿಗೆಯನ್ನು ನಿಧಾನಗೊಳಿಸುವದೆಂದು ೨೦೧೨ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಸಿದ್ಧವಾಯಿತು. ೨೦೧೪ರಲ್ಲಿ ಜಪಾನು ಮೊದಲು ಅದಕ್ಕೆ ಅನುಮತಿ ಕೊಟ್ಟಿತು. ಇದು ರೋಗವನ್ನು ನಿಧಾನಗೊಳಿಸುವದೇ ಹೊರತು ಪೂರ್ಣ ಗುಣಪಡಿಸುವದಿಲ್ಲ. ಎಲ್ಲರಿಗೂ ಒಪ್ಪುವಂತೆಯೂ ಇಲ್ಲ. ವೈದ್ಯರ ಕಣ್ಣಿನ ಕೆಳಗೇ ಸೇವಿಸತಕ್ಕದ್ದು. ರಕ್ತದ ಒತ್ತಡವನ್ನು ಹತೋಟಿಯಲ್ಲಿಡುವದೂ ಊಟದಲ್ಲಿ ಉಪ್ಪನ್ನು ಕಡಿಮೆ ಮಾಡುವದೂ ಬಡವರಿಗೂ ಸಾಧ್ಯವಾದ ಉಪಾಯಗಳು. ಒಣಮೀನು, ಉಪ್ಪಿನಕಾಯಿ, ಹಪ್ಪಳಗಳಿಲ್ಲದೆ ಮಳೆಗಾಲದ ಊಟವು ಸಾಗದ ನಮ್ಮ ಕರಾವಳಿಯಲ್ಲಿ ಈ ಮಾತನ್ನು ಒತ್ತಿ ಹೇಳಬೇಕಾಗಿದೆ.

ಕುಲದ ರೋಗವೋ, ನೆಲದ ರೋಗವೋ?

ಒಂದು ಊರಿನಲ್ಲಿ ಅಥವಾ ಒಂದು ಮನೆಯಲ್ಲಿ ಹಲವರಿಗೆ ಒಂದೇ ರೋಗವಿದ್ದರೆ ಅದು ಕುಲದಿಂದಲೇ ಬಂದುದೆಂದು ಹೇಳಬಹುದೇ? ಹೇಳಲಾಗದು. ಒಂದೇ ಮನೆಯವರು ಒಂದೇ ಬಾವಿಯ ನೀರು ಕುಡಿಯುತ್ತಾರೆ, ಒಂದೇ ಗಡಿಗೆಯ ಅನ್ನ ಉಣ್ಣುತ್ತಾರೆ. ಈ ಎರಡನ್ನು ಬೇರ್ಪಡಿಸುವದೇ ಶೋಧಕನ ಕಷ್ಟದ ಕೆಲಸ. ಇದಕ್ಕೆ ನಮ್ಮ ನೆರೆಯಲ್ಲಿಯೇ ಎರಡು ದೃಷ್ಟಾಂತಗಳಿವೆ.

ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟವನ್ನೇರಿ ಜೋಗವನ್ನು ದಾಟಿದರೆ ಸಾಗರ ಸಿಗುವದು. ಆ ತಾಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ಸೊಂಟದ ಮತ್ತು ಮೊಣಕಾಲಿನ ಕೀಲುಗಳು ಸವೆದು ನಡೆಯಲಾಗದಂಥ ಒಂದು ರೋಗವು ೧೯೭೦ರ ದಶಕದಲ್ಲಿ ಹೊರಜಗತ್ತಿನ ಗಮನಕ್ಕೆ ಬಂದಿತು. ರೋಗಿಗಳಲ್ಲಿ ಹೆಚ್ಚಿನವರು ಬಡ ಕೂಲಿಕಾರರು. ಗದ್ದೆಗೆ ಹೊಡೆದ ಕೀಟನಾಶಕದ ವಿಷವು ಏಡಿಗಳ ಮೂಲಕ ಅವರ ಹೊಟ್ಟೆ ಸೇರಿತೆಂಬ ಸಂದೇಹವು ಮೊದಲು ಹುಟ್ಟಿತ್ತು. ಮುಂದೆ ತಜ್ಞರು ಮನೆಮನೆಯ ವಂಶಾವಳಿಗಳನ್ನು ಬರೆದು, ಎಲುಬುಗಳ ಕ್ಷಕಿರಣ ಚಿತ್ರಗಳನ್ನು ತೆಗೆದು ನೋಡಲಾಗಿ, ಅದು ಒಂದೇ ವಂಶವಾಹಿಯು ಕೆಟ್ಟರೂ ತೋರುವ ಕುಲದ ರೋಗವೆಂದು ಕಂಡುಬಂದಿತು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ಕಾರವಾರದ ಉತ್ತರಕ್ಕೆ, ಗೋವೆಯ ಕಾಣಕೋಣ ತಾಲೂಕಿನಲ್ಲಿದೆ. ಅಲ್ಲಿ ಸಕ್ಕರೆ ರೋಗವಾಗಲಿ ಬೇರೆ ತಿಳಿದ ಕಾರಣವಾಗಲಿ ಇಲ್ಲದ ಅನೇಕರಿಗೆ ಮೂತ್ರಪಿಂಡಗಳು ಕೆಟ್ಟುದರಿಂದ, ಅಂತರ್ಜಲದಲ್ಲಿಯ ಸಿಲಿಕಾ, ಸೀಸ ಮೊದಲಾದವುಗಳ ಮೇಲೆ ಶೋಧಕರ ಸಂದೇಹವು ಬಿದ್ದಿದೆ. ಹೀಗೆ ಒಂದು ಕಡೆ ನೆಲದ್ದೆಂದು ತಿಳಿದುದು ಕುಲದ್ದಾಯಿತು. ಇನ್ನೊಂದು ಕಡೆ ನೆಲದ ಮೇಲೆಯೇ ದೃಷ್ಟಿಯಿಡಬೇಕಾಯಿತು. ಆದಕಾರಣ ಅವಸರದ ತೀರ್ಮಾನವು ಸಲ್ಲದು. ವಂಶಾವಳಿಯನ್ನು ಬರೆಯದೆ ಕುಲವನ್ನು ಹಳಿಯಬಾರದು. ನೀರನ್ನು ಪರೀಕ್ಷಿಸದೆ ಬಾವಿಯನ್ನೂ ಹಳಿಯಬಾರದು.

ಕರ್ನಾಟಕದಲ್ಲಿ ನಡೆದ ಕೆಲಸ

ಗ್ಯಾರಡನು ಲಂಡನ್ನಿನಲ್ಲಿ ಕಂಡ ಸಂಗತಿಯು ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದುದು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವದು, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಮದುವೆ ಮಾಡುವದು ಕರ್ನಾಟಕದ ಅನೇಕ ಜನಾಂಗಗಳಲ್ಲಿ ಹಿಂದಿನಿಂದ ಬಂದ ರೂಢಿ. ಕೆಲವು ಜನಾಂಗಗಳಲ್ಲಿ ಇದು ನಿಷಿದ್ಧವೂ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ|| ಎನ್. ಅಪ್ಪಾಜಿ ರಾವ್, ಡಾ|| ಎ. ರಾಧಾ ರಮಾ ದೇವಿ, ಲಂಡನ್ನಿನ ಡಾ|| ಬಿಟ್ಟಲ್ಸ್ ಇವರು ಸೇರಿ ೧೯೮೦ರಿಂದ ಈ ವಿಷಯವನ್ನು ವಿಚಾರಿಸತೊಡಗಿದರು. ಹೊಸದಾಗಿ ಹುಟ್ಟಿದ ಒಂದು ಲಕ್ಷಕ್ಕೂ ಮಿಕ್ಕ ಶಿಶುಗಳಿಂದ ಒಂದೆರಡು ಹನಿ ರಕ್ತವನ್ನು ತೆಗೆದು, ಹುಟ್ಟಿನಿಂದಲೇ ಬರುವ ಪಚನದೋಷಗಳಿಗಾಗಿ ಪರೀಕ್ಷಿಸಿದರು. ಭಾರತದಲ್ಲಿ ಇಂಥ 대ೊಡ್ಡ ಪರೀಕ್ಷೆಯು ಅದಕ್ಕೆ ಮುಂಚೆ ನಡೆದಿರಲಿಲ್ಲ. ಅದರೊಡನೆ ತಂದೆತಾಯಿಗಳ ಸಂಬಂಧವನ್ನೂ ಕೇಳಿ ಬರೆದುಕೊಂಡರು. ಆ ದಶಕದಲ್ಲಿ ಅವರು ವಿಚಾರಿಸಿದ ದಂಪತಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರು ಹತ್ತಿರದ ರಕ್ತಸಂಬಂಧಿಗಳಾಗಿದ್ದರು.

ಲೆಕ್ಕವನ್ನು ನೋಡಿರಿ. ಸೋದರಮಾವನಿಗೂ ಸೊಸೆಗೂ ವಂಶವಾಹಿಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಪಾಲು ಸಮಾನ. ಅತ್ತೆ ಮಾವಂದಿರ ಮಕ್ಕಳಲ್ಲಿ ಎಂಟರಲ್ಲೊಂದು ಪಾಲು. ಅಜ್ಜನು ಗುಪ್ತವಾಗಿ ಹೊತ್ತಿದ್ದ ಒಂದೇ ಕೆಟ್ಟ ವಂಶವಾಹಿಯು ಎರಡು ದಾರಿಗಳಿಂದ ಇಳಿದು ಮರಿಮಗುವಿನಲ್ಲಿ ಸೇರುವ ಸಂಭವವು ಹೀಗೆ ಹೆಚ್ಚುವದು. ಮಕ್ಕಳ ಮೂತ್ರಪಿಂಡಗಳಲ್ಲಿ ಮೇಲಿಂದ ಮೇಲೆ ಕಲ್ಲುಗಳನ್ನು ಹುಟ್ಟಿಸುವ ಆಕ್ಸಲೇಟಿನ ರೋಗ, ಜೀವಕೋಶಗಳಲ್ಲಿ ಸಿಸ್ಟಿನ್ ಎಂಬ ಪದಾರ್ಥವು ಹರಳುಗಟ್ಟುವ ರೋಗ ಇವು ಈ ಜಾತಿಯವು. ಆಕ್ಸಲೇಟಿನ ರೋಗದಲ್ಲಿ ಕಲ್ಲು ಮೂತ್ರಪಿಂಡದಲ್ಲಿ ತೋರಿದರೂ ಮೂಲದೋಷವು ಪಿತ್ತಜನಕಾಂಗದಲ್ಲಿರುವದು. ಇದನ್ನು ಅರಿತುದರಿಂದಲೇ ಪಿತ್ತಜನಕಾಂಗದ ಮೇಲೆ ಕೆಲಸ ಮಾಡುವ ಹೊಸ ಔಷಧವೊಂದು ೨೦೨೦ರಲ್ಲಿ ಬಳಕೆಗೆ ಬಂದಿತು. ಇಷ್ಟು ಹೇಳಿದರೂ, ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಆಗಿರುವರೆಂಬದನ್ನು ಮರೆಯಬಾರದು. ಆಗಿಹೋದ ಮದುವೆಗಳನ್ನು ನೆನೆದು ಯಾರೂ ಎದೆಗುಂದಬೇಕಾಗಿಲ್ಲ. ಆದರೆ ಮನೆತನದಲ್ಲಿ ಒಂದು ಮಗುವಿಗೆ ಇಂಥ ರೋಗವು ಕಂಡ ಮೇಲೆ, ಅದೇ ಮನೆತನದೊಳಗೆ ಮತ್ತೆ ಸಂಬಂಧ ಬೆಳೆಸುವ ಮುಂಚೆ ತಜ್ಞರನ್ನು ಕೇಳುವದು ಅವಶ್ಯ.

ಕೇಳತಕ್ಕ ಸ್ಥಳಗಳು ದೂರವೇನೂ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಮಕ್ಕಳ ಮೂತ್ರಪಿಂಡಗಳ ರೋಗಕ್ಕೆಂದೇ ಬೇರೆ ವಿಭಾಗವಿದೆ. ಡಾ|| ಕಿಶೋರ್ ಫಡಕೆಯವರು ಅದನ್ನು ಬೆಳೆಯಿಸಿದರು. ನಮಗೆ ಇನ್ನೂ ಹತ್ತಿರದಲ್ಲಿ, ಮಾವಳ್ಳಿಯಿಂದ ಭಟಕಳ, ಬೈಂದೂರು, ಕುಂದಾಪುರಗಳ ಮೇಲೆ ಹೋದರೆ ಸಿಗುವ ಮಣಿಪಾಲದಲ್ಲಿ, ಡಾ|| ಟಿ. ಎಂ. ಎ. ಪೈಗಳು ೧೯೫೩ರಲ್ಲಿ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಮಹಾವಿದ್ಯಾಲಯವಿದೆ. ಅಲ್ಲಿ ವಂಶವಾಹಿಗಳ ರೋಗಗಳಿಗಾಗಿಯೇ ಒಂದು ವಿಭಾಗವು ಬೆಳೆದು, ಡಾ|| ಕೆ. ಎಂ. ಗಿರೀಶ ಮೊದಲಾದವರು ನಮ್ಮ ನಾಡಿನ ಕುಟುಂಬಗಳನ್ನು ಪರೀಕ್ಷಿಸಿ, ಲೋಕಕ್ಕೆ ತಿಳಿಯದಿದ್ದ ರೋಗಕಾರಣಗಳನ್ನು ಹೊರಗೆಡಹಿದ್ದಾರೆ.

ಮೂತ್ರಪಿಂಡದ ದಾನ

ಎರಡೂ ಮೂತ್ರಪಿಂಡಗಳು ಸೋತ ಮೇಲೆ ಉಳಿಯುವ ದಾರಿಗಳು ಎರಡೇ: ಯಂತ್ರದಿಂದ ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್, ಇಲ್ಲವೆ ಇನ್ನೊಬ್ಬರ ಮೂತ್ರಪಿಂಡವನ್ನು ಕಸಿ ಮಾಡುವದು. ಡಯಾಲಿಸಿಸ್ ಈಗ ನಮ್ಮ ರಾಜ್ಯದ ಅನೇಕ ತಾಲೂಕಾ ಆಸ್ಪತ್ರೆಗಳಲ್ಲಿ ದೊರೆಯುವದು. ಕಸಿಯ ಶಸ್ತ್ರಕ್ರಿಯೆಯು ೧೯೫೪ರಲ್ಲಿ ಬೋಸ್ಟನ್ನಿನಲ್ಲಿ ಅವಳಿ ಸಹೋದರರ ನಡುವೆ ಮೊದಲು ಸಫಲವಾಯಿತು. ಭಾರತದಲ್ಲಿ ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಡಾ|| ಮೋಹನ ರಾವ್ ಮತ್ತು ಡಾ|| ಕೆ. ವಿ. ಜಾನಿಯವರು ಅದನ್ನು ಸಾಧಿಸಿದರು. ಹೆಂಗಸರಿಗೆ ವೈದ್ಯವಿದ್ಯೆಯನ್ನು ಕಲಿಸಬೇಕೆಂದು ಡಾ|| ಐಡಾ ಸ್ಕಡರ್ ಅವರು ೧೯೧೮ರಲ್ಲಿ ತೆರೆದ ಶಾಲೆಯೇ ಆ ಮಹಾವಿದ್ಯಾಲಯದ ಮೂಲವೆಂಬದನ್ನು ನಮ್ಮ ವಿದ್ಯಾರ್ಥಿನಿಯರು ನೆನಪಿನಲ್ಲಿಡಲಿ.

ನಮ್ಮ ದೇಶದಲ್ಲಿ ಜೀವಂತರಾಗಿದ್ದು ಮೂತ್ರಪಿಂಡವನ್ನು ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು: ಮಗನಿಗೆ ತಾಯಿ, ಗಂಡನಿಗೆ ಹೆಂಡತಿ, ಅಣ್ಣನಿಗೆ ತಂಗಿ. ಇದು ಸ್ತುತ್ಯವಾದ ತ್ಯಾಗವೇ ಸರಿ. ಆದರೆ ಕುಲದ ರೋಗದಲ್ಲಿ ಇಲ್ಲೊಂದು ಅಪಾಯವು ಅಡಗಿದೆ. ನೀರುಗುಳ್ಳೆಗಳ ರೋಗವುಳ್ಳ ಅಣ್ಣನಿಗೆ ಇಪ್ಪತ್ತೈದು ವರ್ಷದ ತಂಗಿಯು ಮೂತ್ರಪಿಂಡವನ್ನು ಕೊಡಲು ಮುಂದೆ ಬಂದಳೆನ್ನೋಣ. ಅವಳಿಗೂ ಅದೇ ರೋಗವು ಗುಪ್ತವಾಗಿರುವ ಸಂಭವ ಅರ್ಧವಷ್ಟೆ. ಆ ವಯಸ್ಸಿನಲ್ಲಿ ಸ್ಕ್ಯಾನಿಂಗಿನಲ್ಲಿ ಗುಳ್ಳೆಗಳು ಕಾಣಿಸದಿದ್ದ ಮಾತ್ರಕ್ಕೆ ರೋಗವಿಲ್ಲವೆಂದು ಪೂರ್ಣವಾಗಿ ನಂಬಲಾಗದು. ಮನೆಯವರು ಕುಲದ ರೋಗವನ್ನು ಮುಚ್ಚಿಟ್ಟು, ಪರೀಕ್ಷೆಯು ಸಾಲದೆ ಹೋದರೆ, ಅಣ್ಣನಿಗೆ ಬೇಗ ಕೆಡುವ ಅಂಗವು ದೊರೆತು, ತಂಗಿಯು ಇದ್ದೊಂದು ಮೂತ್ರಪಿಂಡವನ್ನೂ ಕಳೆದುಕೊಳ್ಳುವಳು. ವಂಶವಾಹಿಯ ಪರೀಕ್ಷೆಯು ಇಂಥಲ್ಲಿ ಸಂದೇಹವನ್ನು ನಿವಾರಿಸುವದು. ಮದುವೆಯಾಗಬೇಕಾದ ಹೆಣ್ಣುಮಕ್ಕಳ ಹಿತಕ್ಕೆಂದು ಮುಚ್ಚಿಟ್ಟ ಗುಟ್ಟು ಅವರ ಪ್ರಾಣಕ್ಕೇ ಮುಳುವಾಗುವದೆಂದರೆ ಇದೇ.

ನಾವು ಮಾಡತಕ್ಕದ್ದು

ಶೋಧಕರ ಕೆಲಸವು ಪ್ರಯೋಗಶಾಲೆಯಲ್ಲಿ ಮಾತ್ರ ನಡೆಯಲಿಲ್ಲವೆಂಬದನ್ನು ಮೇಲಿನ ವೃತ್ತಾಂತದಿಂದ ವಾಚಕರು ಅರಿತಿರಬಹುದು. ಡೆನ್ಮಾರ್ಕಿನ ಮನೆತನಗಳಾಗಲಿ, ಪೋರ್ತುಗಲ್ಲಿನ ತಾಯಿಮಗಳಾಗಲಿ, ಬೆಂಗಳೂರಿನ ಬಾಣಂತಿಯರಾಗಲಿ, ಕೇಳಿದುದಕ್ಕೆ ನಿಜವನ್ನು ಹೇಳಿದುದರಿಂದಲೇ ಕಾರಣಗಳು ಬೆಳಕಿಗೆ ಬಂದವು. ಈ ರೋಗಗಳು ಯಾರ ಪಾಪದ ಫಲವೂ ಅಲ್ಲ, ಯಾರ ಶಾಪವೂ ಅಲ್ಲ. ನಾಣ್ಯವು ಹೇಗೆ ಬಿತ್ತೆಂಬದಕ್ಕೆ ತಾಯಿಯನ್ನೂ ಸೊಸೆಯನ್ನೂ ದೂರುವದು ನ್ಯಾಯವಲ್ಲ.

ಆದಕಾರಣ ಪ್ರತಿಯೊಂದು ಮನೆಯಲ್ಲಿಯೂ ಒಂದು ಚಿಕ್ಕ ಪುಸ್ತಕವನ್ನಿಟ್ಟು, ಅಜ್ಜ ಅಜ್ಜಿಯರಿಂದ ತೊಡಗಿ ಯಾರು ಯಾವ ವಯಸ್ಸಿನಲ್ಲಿ ಯಾವ ರೋಗದಿಂದ ತೀರಿಕೊಂಡರೆಂದು ಬರೆದಿಡಿರಿ. ಹಿರಿಯರು ಬದುಕಿರುವಾಗಲೇ ಕೇಳಿ ಬರೆಯಿರಿ. ತಂದೆಯ ಕಡೆಯಂತೆ ತಾಯಿಯ ಕಡೆಯದನ್ನೂ ಬರೆಯಿರಿ. ದುಬೈ, ಮುಂಬಯಿಗಳಲ್ಲಿರುವ ಬಂಧುಗಳಿಗೂ ಅದರ ಪ್ರತಿಯನ್ನು ಕಳಿಸಿರಿ. ಮನೆತನದಲ್ಲಿ ಮೂತ್ರಪಿಂಡದ ರೋಗವು ಒಬ್ಬರಿಗಿಂತ ಹೆಚ್ಚು ಮಂದಿಗೆ ಬಂದಿದ್ದರೆ, ಉಳಿದವರು ವರ್ಷಕ್ಕೊಂದು ಸಲವಾದರೂ ರಕ್ತದ ಒತ್ತಡವನ್ನೂ ಮೂತ್ರವನ್ನೂ ರಕ್ತದಲ್ಲಿಯ ಕ್ರಿಯಾಟಿನೈನ್ ಎಂಬ ಅಂಶವನ್ನೂ ಪರೀಕ್ಷಿಸಿಕೊಳ್ಳಲಿ. ಇವು ಹತ್ತಿರದ ಆಸ್ಪತ್ರೆಗಳಲ್ಲಿಯೇ ಆಗುವವು, ದೊಡ್ಡ ವೆಚ್ಚದವಲ್ಲ. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆಗಳನ್ನು ತಂದು ದಿನವೂ ನುಂಗುವ ರೂಢಿಯು ಮೂತ್ರಪಿಂಡಗಳಿಗೆ ಹಾನಿಕರವಾದುದರಿಂದ ಅದನ್ನು ಬಿಡಲಿ. ಮಗುವಿನ ಮುಖ ಬಾತರೆ, ಬೆಳವಣಿಗೆ ಕುಂಠಿತವಾದರೆ, ಮೂತ್ರದಲ್ಲಿ ರಕ್ತವೋ ಕಲ್ಲೋ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಆಗ ಆ ಪುಸ್ತಕವನ್ನೂ ಸಂಗಡ ಒಯ್ಯಿರಿ.

ಗದ್ದೆ ತೋಟಗಳ ಕಾಗದಗಳನ್ನು ನಮ್ಮ ಹಿರಿಯರು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಹೋದರು. ಅದಕ್ಕಿಂತ ಹತ್ತಿರದ ಸೊತ್ತಿನ ಲೆಕ್ಕವನ್ನು ನಾವು ನಮ್ಮ ಮಕ್ಕಳಿಗೆ ಬರೆದಿಟ್ಟು ಹೋಗುವದು ಕರ್ತವ್ಯವೆಂದು ನಾವು ನಂಬುತ್ತೇವೆ. ಓದು ಬರಹವನ್ನು ಕಲಿತ ಹೆಣ್ಣುಮಗಳು ಆ ಕೆಲಸವನ್ನು ಕೈಕೊಳ್ಳುವ ಮನೆಯಲ್ಲಿ ಮುಂದಿನ ತಲೆಯವರು ರೋಗವನ್ನು ಅದರ ಎಳೆತನದಲ್ಲಿಯೇ ಕಂಡು, ಬಹುಕಾಲ ಬಾಳುವಂತಾಗಲೆಂದು ಹಾರೈಸುತ್ತೇವೆ.